ಕಿಟಕಿಗೆ ಅಂಟಿಸಿದ ಎದೆ

ಹಳಿಯಾಳದ ಬಸ್ಸು ದಾಂಡೇಲಿಯ ಹತ್ತಿರ ಬರುತ್ತಿದ್ದಂತೆ ಕಾಗದದ ಮಿಲ್ಲಿನ ವಾಸನೆ ಒಳಗೆ ನುಗ್ಗುತ್ತದೆ. ಕಟ್ಟಿಗೆ ಬೇಯುವ, ಸ್ವಲ್ಪ ಹುಳಿ ಬಂದಂಥ ವಾಸನೆ. ಹೊಸಬರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಆ ಊರಲ್ಲಿ ಸಂಸಾರ ಮಾಡಿದವರಿಗೆ ಅದು ಮನೆಯ ವಾಸನೆ. ಕಳೆದ ಶ್ರಾವಣದಲ್ಲಿ ಖತೀಜಾಳ ಮಗಳ ನಿಶ್ಚಿತಾರ್ಥಕ್ಕೆಂದು ಹೋಗುತ್ತಿದ್ದಾಗ ಮಳೆಗಾಳಿಯ ಜೊತೆ ಅದು ಮುಖಕ್ಕೆ ಬಡಿದು ನನ್ನ ಎದೆ ಧಸಕ್ಕೆಂದಿತು. ನಿವೃತ್ತಿಯಾದ ಮೇಲೆ ಹಳಿಯಾಳದಲ್ಲಿ ಮನೆ ಮಾಡಿದ್ದು ನೀರು ಚೆನ್ನಾಗಿದೆ, ಮಾರ್ಕೆಟ್ಟು ಹತ್ತಿರ ಎಂದೆಲ್ಲ ಜನರಿಗೆ ಹೇಳುತ್ತೇನೆ. ಸುಳ್ಳು. ಈ ವಾಸನೆಯಿಂದ ತಪ್ಪಿಸಿಕೊಳ್ಳಲಿಕ್ಕೆ.

ಊಟವಾದ ಮೇಲೆ ಖತೀಜಾ ನನ್ನ ಕೈ ಹಿಡಿದು ನಮ್ಮ ಹಳೆಯ ಮನೆ ತೋರಿಸಲು ಕರೆದೊಯ್ದಳು. ಮೂವತ್ತು ವರ್ಷ ಅವಳದು ನಮ್ಮ ಪಕ್ಕದ ಮನೆ. ಅವಳ ಗಂಡನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು. ನಾವೆಲ್ಲ ಇದ್ದದ್ದು ಒಂದೇ ಸಾಲಿನ ಮನೆಗಳಲ್ಲಿ. ಲೈನು ಎನ್ನುತ್ತಿದ್ದೆವು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯವರು ಸೀನಬೇಕು, ಅಷ್ಟು ಒತ್ತೊತ್ತು. ಈಗ ನಮ್ಮ ಮನೆಯಲ್ಲಿ ಧಾರವಾಡ ಕಡೆಯ ಹೊಸ ಸಂಸಾರವಿದೆ. ಪಾಪ, ಒಳ್ಳೆಯ ಜನ, ಚಹಾ ಕೊಟ್ಟರು. ಅಡುಗೆಮನೆಯ ಪೂರ್ವದ ಕಿಟಕಿಯ ಗಾಜಿನ ಮೇಲೆ ಇನ್ನೂ ಟೇಪಿನ ಕಲೆಗಳಿದ್ದವು. ಎಷ್ಟು ತಿಕ್ಕಿದರೂ ಹೋಗಲಿಲ್ಲ ಎಂದು ಆ ಮನೆಯ ಹುಡುಗಿ ಸಂಕೋಚದಿಂದ ಹೇಳಿದಳು. ನಾನು ಅರ್ಧ ಕಪ್ ಚಹಾ ಅಲ್ಲೇ ಬಿಟ್ಟು ಎದ್ದುಬಂದೆ. ಒಂದು ಮಳೆಗಾಲ ಆ ಗಾಜಿನ ಮೇಲೆ ನನ್ನ ಗಂಡನ ಎದೆ ಅಂಟಿಕೊಂಡಿತ್ತು.

ಇವರ ಹೆಸರು ಮಹಾದೇವಪ್ಪ. ಮಿಲ್ಲಿನಲ್ಲಿ ಕಾಗದದ ದೊಡ್ಡ ಸುರುಳಿಗಳನ್ನು ಸುತ್ತುವ ಕಡೆ ಕೆಲಸ. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರು, ಹಾಗಾಗಿ ಲೈನಿಗೆಲ್ಲ ನಾನು ‘ಅಕ್ಕೋರು’. ಇವರೂ ಚೇಷ್ಟೆಗೆ ನನ್ನನ್ನು ಹಾಗೇ ಕರೆಯುತ್ತಿದ್ದರು. ಯಾವ ವಸ್ತುವನ್ನೂ ಎಸೆಯದ ಮನುಷ್ಯ, ಆದರೆ ಯಾವುದನ್ನೂ ತನಗೆಂದು ಇಟ್ಟುಕೊಂಡವನೂ ಅಲ್ಲ. ನಮ್ಮ ಮನೆಯ ಏಣಿ, ಸುತ್ತಿಗೆ, ಹಿಟ್ಟು ಸಾಣಿಸುವ ಜರಡಿ ಎಲ್ಲ ಯಾವಾಗಲೂ ಬೇರೆಯವರ ಮನೆಯಲ್ಲೇ ಇರುತ್ತಿದ್ದವು. ನಾನು ಬೈದರೆ, ನಗುತ್ತ ನನ್ನ ಕೈಗೆ ಒಯ್ದವರ ಮನೆಯ ಯಾವುದೋ ಡಬ್ಬಿ ಕೊಡುತ್ತಿದ್ದರು.

ಒಮ್ಮೆ ಇವರು ಸ್ಕೂಟರಿನಿಂದ ಬಿದ್ದು ಎದೆಗೆ ಪೆಟ್ಟು ಮಾಡಿಕೊಂಡಾಗ ಹಳಿಯಾಳದಲ್ಲಿ ಎಕ್ಸ್‌ರೇ ತೆಗೆಸಿದ್ದೆವು. ಆಗ ಹಾಳೆಯನ್ನು ಕೈಗೇ ಕೊಡುತ್ತಿದ್ದರು. ಎಲುಬು ಮುರಿದಿರಲಿಲ್ಲ. ಮನೆಗೆ ತಂದಕೂಡಲೇ ಲೈನಿನವರೆಲ್ಲ ಒಬ್ಬೊಬ್ಬರಾಗಿ ಬಂದು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದರು. ನಮ್ಮಲ್ಲಿ ಅದೊಂದು ರೂಢಿ. ಯಾರ ಮನೆಗೆ ಎಕ್ಸ್‌ರೇ ಬಂದರೂ ಅದನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, ಛಲೋ ಐತಿ ಎಂದು ಹೇಳಿ ಹೋಗದಿದ್ದರೆ ಅವರು ಕಾಳಜಿ ಇಲ್ಲದವರು ಎಂದು ಅರ್ಥ. ಆಮೇಲೆ ಆ ಹಾಳೆ ಕಪಾಟಿನ ಹಿಂದೆ ಸೇರಿತು.

ಅದು ಹೊರಗೆ ಬಂದದ್ದು ಸೂರ್ಯಗ್ರಹಣದ ದಿನ. ಎಕ್ಸ್‌ರೇ ಹಾಳೆಯಲ್ಲಿ ಸೂರ್ಯನನ್ನು ನೋಡಬೇಡಿ, ಕಣ್ಣು ಹೋಗುತ್ತವೆ ಎಂದು ಹಿಂದಿನ ದಿನ ಶಾಲೆಯಲ್ಲಿ ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳಿ ಬಂದಿದ್ದೆ. ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಕಟ್ಟೆಯ ಮೇಲೇ ಗಂಡ ಕತ್ತರಿ ಹಿಡಿದು ಕೂತಿದ್ದಾರೆ, ಲೈನಿನ ಮಂದಿಯೆಲ್ಲ ಸುತ್ತ ನಿಂತು ಕೈಚಾಚಿದ್ದಾರೆ. ಕಪ್ಪು ಭಾಗಕ್ಕೇ ಎಲ್ಲರ ಜಗಳ, ಅದರಲ್ಲಿ ಸೂರ್ಯ ಚೆನ್ನಾಗಿ ಕಾಣುತ್ತಾನೆ. ಬೆಳ್ಳಗಿನ ತುಂಡು ಯಾರಿಗೂ ಬೇಡ. ನಾನು ಕಿರುಚಾಡಿದೆ. ಯಾರು ಕೇಳಬೇಕು? ನಮ್ಮ ಮಗಳು ಸುಮಾ ಗಂಡನ ಊರು ಮಳಗಿಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗ್ರಹಣ ತಾಗಬಾರದೆಂದು ಅವಳನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿದ್ದೆವು. ಹೊರಗಿನ ಗದ್ದಲ ಕೇಳುತ್ತ, ತನಗೊಬ್ಬಳಿಗೇ ನೋಡಲಿಕ್ಕಿಲ್ಲ ಎಂದು ಅವಳು ಒಳಗೆ ಮುನಿಸಿಕೊಂಡು ಮಲಗಿದ್ದಳು.

ಅದಾಗಿ ಕೆಲವು ವರ್ಷಗಳ ಮೇಲೆ ಬಂದದ್ದು ನಾನು ಹೇಳುತ್ತಿರುವ ಮಳೆಗಾಲ. ಜೂನಿನ ಮಿರಗದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕಾಳಿ ನದಿ ಕೆಂಪಾಗಿ ದಡ ತುಂಬಿ ಹರಿಯುತ್ತಿತ್ತು. ಇವರಿಗೆ ಒಣಕೆಮ್ಮು. ಶುಂಠಿ ಕಷಾಯ, ಜೇನುತುಪ್ಪ, ಖತೀಜಾ ಕೊಟ್ಟ ಜ್ಯೇಷ್ಠಮಧು ಎಲ್ಲ ಆಯಿತು. ಒಂದು ದಿನ ಕೆಮ್ಮಿದ ಕರವಸ್ತ್ರವನ್ನು ಇವರು ತಾವೇ ತೊಳೆದು ಹಾಕುವುದನ್ನು ನೋಡಿದೆ. ಮದುವೆಯಾದಾಗಿನಿಂದ ಬಟ್ಟೆ ತೊಳೆದ ಮನುಷ್ಯನಲ್ಲ. ಕಸಿದುಕೊಂಡು ನೋಡಿದೆ, ಕೆಂಪು ಎಳೆ ಇತ್ತು. ಆವತ್ತೇ ಶಾಲೆಗೆ ರಜೆ ಹಾಕಿದೆ.

ದಾಂಡೇಲಿಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು. ಇವರಿಗೆ ಹುಡುಗನಾಗಿದ್ದಾಗ ಕ್ಷಯ ಆಗಿ ವಾಸಿಯಾಗಿತ್ತು, ಅದೇ ಮರಳಿರಬಹುದು ಎಂಬ ಅನುಮಾನ. ಕಫದಲ್ಲಿ ಏನೂ ಬರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಬಲಗಡೆ ಮೇಲೆ ಒಂದು ಬಿಳಿ ಕಲೆ ಬಂತು, ಹಳೆಯ ನಾಲ್ಕಾಣೆಯಷ್ಟು. ಹುಬ್ಬಳ್ಳಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿ ಎಂದರು.

ಆ ಸ್ಕ್ಯಾನಿನ ಕೋಣೆಯ ಬಾಗಿಲ ಹೊರಗೆ ಕೂತು ನಾನು ಮೊದಲ ಸಲ ಆ ದನಿ ಕೇಳಿದೆ. ಮಷಿನ್ನೇ ಮಾತಾಡುತ್ತದೆ. ಉಸಿರು ಎಳೆದುಕೊಳ್ಳಿ, ಹಿಡಿಯಿರಿ ಎನ್ನುತ್ತದೆ. ಆಮೇಲೆ ಗುಂಯ್ ಎನ್ನುವ ಸದ್ದು. ಆಮೇಲೆ, ಉಸಿರು ಬಿಡಿ. ಒಳಗೆ ಇವರು ಹಿಡಿದ ಹಾಗೆ ಹೊರಗೆ ನಾನೂ ಹಿಡಿಯುತ್ತಿದ್ದೆ. ಬಿಡಿ ಎನ್ನಲು ಅದು ತಡ ಮಾಡಿದ ಹಾಗೆ ಅನಿಸುತ್ತಿತ್ತು. ಹೆಣ್ಣಿನದೂ ಅಲ್ಲ, ಗಂಡಿನದೂ ಅಲ್ಲ, ಯಾರ ಮೇಲೂ ಮಮತೆಯಿಲ್ಲದ ದನಿ. ಇವತ್ತಿಗೂ ಕುಕ್ಕರು ಕೂಗುವ ಮುಂಚಿನ ಮೌನದಲ್ಲಿ ನಾನು ಉಸಿರು ಹಿಡಿದು ನಿಂತಿರುತ್ತೇನೆ, ಯಾರೋ ಬಿಡಿ ಎನ್ನುವವರೆಗೆ.

ಎದೆರೋಗದ ಡಾಕ್ಟರು ಸಾವಧಾನದ ಮನುಷ್ಯ. ಗೋಕಾಕ ಕಡೆಯವರಂತೆ. ಪರದೆಯ ಮೇಲೆ ಚಿತ್ರ ಇಟ್ಟು ನಮಗೆ ತಿಳಿಯುವ ಹಾಗೆ ಹೇಳಿದರು. ಕಪ್ಪಗೆ ಕಾಣುವುದೆಲ್ಲ ಗಾಳಿ, ಬೆಳ್ಳಗೆ ಕಾಣುವುದು ಎಲುಬು, ಮಾಂಸ. ಶ್ವಾಸಕೋಶದ ತುಂಬ ಗಾಳಿ ಇರಬೇಕು, ಕಪ್ಪಗಿರಬೇಕು. ಅಲ್ಲಿ ಬಿಳಿ ಕಲೆ ಬಂತೆಂದರೆ ಗಾಳಿ ಇರಬೇಕಾದ ಜಾಗದಲ್ಲಿ ಬೇರೇನೋ ಕೂತಿದೆ. ಅದು ಹಳೆಯ ಕ್ಷಯದ ಗಾಯ ಮಾಗಿದ ಗುರುತೂ ಇರಬಹುದು, ಕ್ಯಾನ್ಸರ್ ಗಡ್ಡೆಯೂ ಇರಬಹುದು. ಚಿತ್ರವೊಂದನ್ನೇ ನೋಡಿ ಖಚಿತ ಹೇಳಲಾಗದು.

“ಹಳೇ ಎಕ್ಸ್‌ರೇ ಏನರ ಐತೇನ್ರಿ ಮನ್ಯಾಗ?” ಎಂದು ಕೇಳಿದರು. “ಈ ಕಲಿ ಅದರಾಗೂ ಇಷ್ಟ ಇತ್ತಂದ್ರ ಛಲೋ ಆತು. ಹಳೇ ಗಾಯ ಅಂತ ತಿಳಕೊಂಡು ನೋಡಕೋತ ಹೋಗೂಣು. ಆಗ ಇರಲಿಲ್ಲಾ, ಈಗ ಬಂದೈತಿ ಅಂದ್ರ ಸೂಜಿ ಹಾಕಿ ತುಣುಕ ತಗದ ನೋಡಬೇಕಾಗತೈತಿ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇವರಿಗೆ ನಗು ಬಂತು, ಖರೇನೇ ನಕ್ಕರು. ಅದನ್ನು ಕತ್ತರಿಸಿ ಊರಿಗೆಲ್ಲ ಹಂಚಿದ್ದೇನೆ ಡಾಕ್ಟರೇ, ಗ್ರಹಣ ನೋಡಲಿಕ್ಕೆ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು ನಮ್ಮನ್ನು ನೋಡಿದರು. ಮುಂದಿನ ವಾರ ಬನ್ನಿ, ಸಿಕ್ಕರೆ ತನ್ನಿ, ಸಿಗದಿದ್ದರೆ ಸೂಜಿಯೇ ಎಂದು ಡಾಕ್ಟರು ದಿನ ಗೊತ್ತು ಮಾಡಿದರು. ಬರುವಾಗ ಹಳಿಯಾಳದಲ್ಲಿ ಇಳಿದು ವಿಚಾರಿಸಿದರೆ ಎಕ್ಸ್‌ರೇ ತೆಗೆದ ಅಂಗಡಿಯೇ ಅಲ್ಲಿ ಇರಲಿಲ್ಲ.

ಆ ವಾರ ನಾನು ಬೇರೆ ಏನನ್ನೂ ಮಾಡಲಿಲ್ಲ. ಮನೆಮನೆಗೆ ಹೋಗಿ ಗಂಡನ ಎದೆಯ ತುಂಡು ಕೇಳಿದೆ. ಎದೆಯಲ್ಲೊಂದು ಕಲೆ ಕಂಡಿದೆ, ಹಳೆಯ ಎಕ್ಸ್‌ರೇ ಬೇಕಂತೆ ಎಂದಷ್ಟೇ ಹೇಳುತ್ತಿದ್ದೆ. ಏಕೆ, ಏನು ಎಂದು ಬಿಡಿಸಿ ಹೇಳಿದರೆ ಬಾಯಿಂದ ಆ ರೋಗದ ಹೆಸರು ಬರಬೇಕಿತ್ತು. ಜನ ಅಟ್ಟ ಹತ್ತಿದರು, ಟ್ರಂಕು ಖಾಲಿ ಮಾಡಿದರು. ಒಬ್ಬರ ಮನೆಯ ದೇವರ ಫೋಟೋದ ಹಿಂದೆ, ಇನ್ನೊಬ್ಬರಲ್ಲಿ ರೇಷನ್ ಕಾರ್ಡಿಗೆ ರಟ್ಟಿನ ಹಾಗೆ. ಖತೀಜಾಳ ತುಂಡು ಅವಳ ಗಂಡನ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಸಿಕ್ಕಿತು. ಅವಳು ಅದನ್ನು ಸೀಮೆಎಣ್ಣೆ ಹಾಕಿ ಒರೆಸಿ, ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು. ಇವರು ಒಂದೊಂದನ್ನೂ ಅಡುಗೆಮನೆಯ ಗಾಜಿಗೆ ಟೇಪು ಹಚ್ಚಿ ಕೂಡಿಸಿದರು. ಎಡ ಹೆಗಲು ಬಂತು. ಪಕ್ಕೆಲುಬು ಬಂದವು. ಮಿಲ್ಲಿನಲ್ಲಿ ಹರಿದ ಸುರುಳಿ ಜೋಡಿಸಿದ ಕೈ, ಅಂಚಿಗೆ ಅಂಚು ಎಷ್ಟು ಸರಿಯಾಗಿ ಕೂಡಿಸುತ್ತಿದ್ದರು!

ನಡುವಿನ ದೊಡ್ಡ ತುಂಡು ಕುಂಬಾರವಾಡದಲ್ಲಿದೆ ಎಂದು ಇವರಿಗೆ ನೆನಪಿತ್ತು. ಜೊತೆಗೆ ಕೆಲಸ ಮಾಡಿದ್ದ ವಿಠೋಬಾ ನಿವೃತ್ತಿಯಾಗಿ ಅಲ್ಲಿಯ ತನ್ನ ಹಳ್ಳಿಗೆ ಹೋಗುವಾಗ ಒಯ್ದಿದ್ದನಂತೆ. ಜೋಯಿಡಾ ದಾಟಿ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಹೋದೆವು. ದಾರಿಗೆ ಮರ ಬಿದ್ದು ಎಲ್ಲರೂ ಇಳಿದು ಕಾದೆವು. ಮಳೆಯಲ್ಲಿ ಗದ್ದೆಯ ಬದುವಿನ ಮೇಲೆ ಕೆಮ್ಮುತ್ತ ನಡೆಯುವ ಗಂಡನ ಬೆನ್ನು ನೋಡುತ್ತ ನಾನು ಹಿಂದೆ ನಡೆದೆ. ಬಲಗಡೆ ಅಂಗಿಯ ಕೆಳಗೆ, ಹೆಗಲಿನ ಎಲುಬಿನ ಹಿಂದೆ ಎಲ್ಲೋ ಅದು ಕೂತಿದೆ, ನಮ್ಮ ಜೊತೆಗೇ ನಡೆಯುತ್ತಿದೆ ಎಂದು ತಿಳಿದು ಅಂಜಿಕೆಯಾಗುತ್ತಿತ್ತು. ದೆವ್ವ ಮೆಟ್ಟಿಕೊಂಡವರ ಹಿಂದೆ ಹೋಗುವ ಹಾಗೆ.

ವಿಠೋಬಾ ಆ ತುಂಡನ್ನು ಅಡುಗೆಮನೆಯ ಒಡೆದ ಗಾಜಿನ ಜಾಗಕ್ಕೆ ಕೂಡಿಸಿದ್ದ. ಗ್ರಹಣಕ್ಕೆ ಬೇಡವಾಗಿ ಉಳಿದ ಬಿಳಿ ತುಂಡು, ಅದಕ್ಕೇ ಬೆಳಕು ಬರುತ್ತಿತ್ತು. ಅವನು ಕೊಂಕಣಿ ಮನುಷ್ಯ, ಮಿಲ್ಲಿನಲ್ಲಿ ಕಲಿತ ಕನ್ನಡ. “ಮಾದೇವಣ್ಣಾ, ನಿಮ್ಮ ಎದಿ ಇಷ್ಟ ವರ್ಷ ನನ್ನ ಅಡಗಿಮನಿಗೆ ಬೆಳಕ ಕೊಟ್ಟೈತಿ” ಎಂದು ಮೊಳೆ ಕಿತ್ತು ಕೊಟ್ಟ. ಹೊಗೆ ಒರೆಸಿ ನೋಡಿದರೆ ಅದು ಹೃದಯದ ಭಾಗ. ನಮಗೆ ಬೇಕಾದದ್ದು ಅಲ್ಲ.

ಗಾಜಿನ ಮೇಲೆ ಹೃದಯವೂ ಬಂದು ಕೂತಿತು. ಉಳಿದದ್ದು ಒಂದೇ ಜಾಗ. ಬಲಗಡೆ ಮೇಲೆ, ಡಾಕ್ಟರು ಬೆರಳಿಟ್ಟು ತೋರಿಸಿದ ಆ ಜಾಗವೇ ತೂತು. ನಸುಕಿನಲ್ಲಿ ಚಹಾಕ್ಕೆ ನೀರಿಡಲು ಹೋದರೆ ಮೋಡದ ಬೆಳಕಿನಲ್ಲಿ ನೀಲಿ ಎದೆಯೊಂದು ಗಾಜಿನ ಮೇಲೆ ನಿಂತಿರುತ್ತಿತ್ತು. ತೂತಿನಿಂದ ಹೊರಗಿನ ಮಳೆ ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಒಲೆಯ ಮುಂದೆ ನಿಲ್ಲುತ್ತಿದ್ದೆ. ಆದರೂ ಅದು ನನ್ನನ್ನು ನೋಡುತ್ತಿದೆ ಅನಿಸುತ್ತಿತ್ತು. ಕಲೆ ಹಳೆಯದಿರಲಿ, ಹಳೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗಂಡನ ಎದೆಯಲ್ಲಿ ಕಲೆ ಇರಲಿ ಎಂದು ಯಾವ ಹೆಂಗಸಾದರೂ ಹರಕೆ ಹೊತ್ತಾಳೇನು? ನಾನು ಹೊತ್ತೆ.

ಹುಬ್ಬಳ್ಳಿಗೆ ಹೋಗುವ ದಿನ ಹತ್ತಿರ ಬಂದಾಗ ಖತೀಜಾ ನನಗೆ ಹೇಳದೆ ಸುಮಾಳಿಗೆ ಫೋನು ಮಾಡಿದಳು. ಮಗಳಿಗೆ ನಾವು ಏನೂ ತಿಳಿಸಿರಲಿಲ್ಲ. ಏನೂ ಇಲ್ಲದ್ದಕ್ಕೆ ಅವಳನ್ನೇಕೆ ಗಾಬರಿ ಮಾಡುವುದು ಎಂದು ಇವರು ತಡೆದಿದ್ದರು. ಅವಳು ಗ್ರಹಣದ ದಿನ ಕೋಣೆಯಲ್ಲಿದ್ದಳಲ್ಲ, ಅವಳಲ್ಲಿ ತುಂಡು ಇರುವುದಿಲ್ಲ ಎಂದೇ ನಾನೂ ನಂಬಿದ್ದೆ. ಮರುದಿನ ಬೆಳಿಗ್ಗೆ ತನ್ನ ಮಗಳು ತನುವನ್ನು ಎತ್ತಿಕೊಂಡು, ಮಳೆಯಲ್ಲಿ ತೊಯ್ದು ತಪ್ಪಡಿಯಾಗಿ ಸುಮಾ ಬಾಗಿಲಲ್ಲಿ ನಿಂತಳು. ಬ್ಯಾಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತುಂಡು ತೆಗೆದಳು. ಅಂದು ಮುನಿಸಿಕೊಂಡು ಮಲಗಿದ್ದವಳ ತಲೆದಿಂಬಿನ ಹತ್ತಿರ ಅಪ್ಪ ಬಂದು ಅದನ್ನು ಇಟ್ಟಿದ್ದರಂತೆ. ಎಲ್ಲಕ್ಕಿಂತ ಕಪ್ಪು ತುಂಡು ನಿನಗೇ ತೆಗೆದಿಟ್ಟೇನಿ, ಮುಂದಿನ ಗ್ರಹಣಾನ ಕೂಸಿನ ಜೋಡಿ ನೋಡು ಎಂದಿದ್ದರಂತೆ.

ಅಷ್ಟರಲ್ಲಿ ಲೈನಿನ ಅರ್ಧ ಮಂದಿ ಅಡುಗೆಮನೆಯಲ್ಲಿ ಸೇರಿದ್ದರು. ಖತೀಜಾಳೇ ತುಂಡನ್ನು ತೂತಿಗೆ ಇಟ್ಟಳು. ಅಂಚು ಅಂಚಿಗೆ ಕೂಡಿತು. ಅವತ್ತೇ ಯಾಕೋ ಸ್ವಲ್ಪ ಬಿಸಿಲು ಬಿತ್ತು. ಕಪ್ಪು. ಸ್ವಚ್ಛ ಕಪ್ಪು. ಪಕ್ಕೆಲುಬಿನ ತೆಳು ಗೆರೆ ಬಿಟ್ಟರೆ ಒಂದು ಚುಕ್ಕೆಯೂ ಇರಲಿಲ್ಲ.

“ಕಲೀನ ಇಲ್ಲ ನೋಡ್ರಿ ಅಕ್ಕೋರ” ಎಂದು ಖತೀಜಾ ನನ್ನನ್ನು ತಬ್ಬಿಕೊಂಡಳು. “ಅಲ್ಲಾ ದೊಡ್ಡಾಂವ. ಅಣ್ಣಾರ ಎದಿ ಕನ್ನಡಿ ಹಂಗ ಐತಿ.”

ಎಲ್ಲರೂ ಒಬ್ಬೊಬ್ಬರಾಗಿ ಮುಂದೆ ಬಂದು ನೋಡಿ, ತಲೆಯಾಡಿಸಿ, ಛಲೋ ಐತಿ ಎಂದರು. ಸುಮಾ ಅಪ್ಪನ ಹೆಗಲಿಗೆ ಮುಖವಿಟ್ಟು ಅತ್ತಳು, ಸಂತೋಷಕ್ಕೆ. ಡಾಕ್ಟರ ಮಾತು ಕೇಳಿಸಿಕೊಂಡಿದ್ದವರು ನಾವಿಬ್ಬರೇ. ಅಂದು ಇರಲಿಲ್ಲ ಎಂದರೆ ಈಗ ಹೊಸದಾಗಿ ಬಂದಿದೆ. ಅದು ಅಲ್ಲಿದ್ದ ಅಷ್ಟು ಜನರಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿದಿತ್ತು. ನಾನು ಇವರ ಮುಖ ನೋಡಿದೆ. ಇವರು ನಗುತ್ತಿದ್ದರು. ಖತೀಜಾ ಮನೆಗೆ ಓಡಿ ಹೋಗಿ ರವೆಯ ಸಿಹಿ ಶಿರಾ ಮಾಡಿ ತಂದು ಲೈನಿಗೆಲ್ಲ ಹಂಚಿದಳು. ಇವರು ಎರಡು ಸಲ ಹಾಕಿಸಿಕೊಂಡು ತಿಂದರು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಇವರು ಹಿಂದಿನಿಂದ ಬಂದರು. ಪಕ್ಕದಲ್ಲಿ ಕೂತರು.

“ಆ ತುಂಡು ಸುಮಾನ ಹತ್ರ ಐತಿ ಅಂತ ನನಗ ಮೊದಲಿಂದ ಗೊತ್ತಿತ್ತು” ಎಂದರು. “ಸಿಗದ ಇದ್ದಷ್ಟು ದಿನ ಕಲಿ ಹಳೇದಿರಬಹುದು ಅಂತ ಇರತಿತ್ತಲ್ಲ. ಅದಕ್ಕ ಸುಮ್ನಿದ್ದೆ, ಅಕ್ಕೋರ.”

ನನಗೆ ಸಿಟ್ಟು ಬರಬೇಕಿತ್ತು. ಕುಂಬಾರವಾಡದ ಗದ್ದೆಯಲ್ಲಿ ನನ್ನನ್ನು ತೋಯಿಸಿಕೊಂಡು ನಡೆಸಿದ ಮನುಷ್ಯ! ಆದರೆ ಆ ವಾರವಿಡೀ ನನಗೆ ಸಿಕ್ಕ ಆಸೆಯನ್ನು ಕೊಟ್ಟದ್ದು ಇವರೇ ಎಂದು ತಿಳಿಯಿತು. ಎಲ್ಲರಿಗೂ ಹಂಚುವ ಮನುಷ್ಯ ನನಗೂ ಒಂದು ತುಂಡು ಹಂಚಿದ್ದರು. ಅಲ್ಲೇ ಕೂತು ಇವರ ತೋಳು ಹಿಡಿದು ಅತ್ತೆ. ಒಳಗೆ ಜನ ಶಿರಾ ತಿನ್ನುವ ಸದ್ದು ಕೇಳುತ್ತಿತ್ತು.

ಸುಮಾಳಿಗೆ ಸಂಜೆ ಇವರೇ ತಿಳಿಸಿದರು. ಹುಬ್ಬಳ್ಳಿಯಲ್ಲಿ ಡಾಕ್ಟರು, ಗಾಜಿನಿಂದ ಬಿಡಿಸಿ ಒಯ್ದ ತುಂಡುಗಳನ್ನು ಬೆಳಕಿನ ಡಬ್ಬಿಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದರು, ಆಮೇಲೆ ಸೂಜಿಯ ಕೋಣೆಗೆ ಕಳಿಸಿದರು. ಬೋರಲು ಮಲಗಿಸಿ, ಸ್ಕ್ಯಾನಿನಲ್ಲಿ ಜಾಗ ನೋಡುತ್ತ ಬೆನ್ನಿನಿಂದ ಸೂಜಿ ಇಳಿಸಿದರು. ಮತ್ತೆ ಅದೇ ದನಿ, ಉಸಿರು ಹಿಡಿಯಿರಿ. ಸ್ವಲ್ಪ ಹೊತ್ತಿಗೆ ನರ್ಸು ಹೊರಗೆ ಬಂದು ನನ್ನ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟಳು. ಲ್ಯಾಬು ಕೆಳಗಿದೆ, ನೀವೇ ಒಯ್ದು ಕೊಡಿ ಎಂದಳು. ನೀರಿನಂಥ ಔಷಧಿಯಲ್ಲಿ ಶಾವಿಗೆಯ ಎಳೆಯ ತುಣುಕಿನಷ್ಟು ಏನೋ ತೇಲುತ್ತಿತ್ತು. ಒಂದು ವಾರದಿಂದ ಇವರ ತುಂಡು ಹುಡುಕುತ್ತ ಅಲೆದವಳ ಕೈಗೆ ಕೊನೆಗೆ ನಿಜವಾದ ತುಂಡು ಬಂತು. ಮೆಟ್ಟಿಲು ಇಳಿಯುವಾಗ ಅದು ಅಲುಗಾಡಬಾರದೆಂದು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದೆ. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಚ್ಚಗಿರಲಿ ಅನಿಸಿತು, ಎಂಥ ಹುಚ್ಚು ನೋಡಿ.

ಮನೆಗೆ ಬಂದು ಇವರು ಎಕ್ಸ್‌ರೇ ತುಂಡುಗಳನ್ನು ಮತ್ತೆ ಗಾಜಿಗೆ ಅಂಟಿಸಿದರು. ಫಲಿತಾಂಶ ಬಂತು. ಕ್ಯಾನ್ಸರೇ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದರು. ಎಲ್ಲೆಲ್ಲಿ ಹಬ್ಬಿದೆ ಎಂದು ನೋಡಲು ಪೆಟ್ ಸ್ಕ್ಯಾನ್ ಆಗಬೇಕೆಂದರು. ಅದಕ್ಕೆ ಮೈಗೆ ಒಂದು ಬಗೆಯ ಸಕ್ಕರೆ ಚುಚ್ಚುತ್ತಾರೆ. ರೋಗದ ಕಣಗಳಿಗೆ ಹಸಿವು ಜಾಸ್ತಿ, ಅವು ಆ ಸಕ್ಕರೆಯನ್ನು ಮುಕ್ಕಿ ಚಿತ್ರದಲ್ಲಿ ಬೆಳಗುತ್ತವೆ. ಚುಚ್ಚಿದ ಮೇಲೆ ಇವರನ್ನು ಒಂಟಿಯಾಗಿ ಒಂದು ಕೋಣೆಯಲ್ಲಿ ಕೂರಿಸಿದರು. ಮಾತಾಡಬಾರದು, ಅಲುಗಾಡಬಾರದು. ಲೈನಿನಲ್ಲಿ ಯಾರ ಜೊತೆಗೂ ಮಾತಾಡದೆ ಒಂದು ತಾಸು ಇದ್ದ ಮನುಷ್ಯನಲ್ಲ ಇವರು. ಬಾಗಿಲಿನ ಸಣ್ಣ ಗಾಜಿನಿಂದ ನೋಡಿದೆ. ಕಣ್ಣು ಮುಚ್ಚಿ ಕೂತಿದ್ದರು, ಗ್ರಹಣದ ದಿನ ಸುಮಾಳನ್ನು ಕೂರಿಸಿದ ಹಾಗೆ. ಆಮೇಲೆ ಪರದೆಯ ಮೇಲೆ ಇವರ ಮೈಯೊಳಗೆ ದೀಪಗಳು ಹತ್ತಿದ್ದನ್ನು ಕಂಡೆ. ಒಂದು ಎದೆಯಲ್ಲಿ. ಯಕೃತ್ತಿನಲ್ಲಿ. ಸೊಂಟದ ಎಲುಬಿನಲ್ಲಿ.

ಚುಚ್ಚಿದ ಆ ಸಕ್ಕರೆಯ ವಿಕಿರಣ ಮೈಯಿಂದ ಇಳಿಯುವವರೆಗೆ ಸಣ್ಣ ಮಕ್ಕಳನ್ನು ಹತ್ತಿರ ಸೇರಿಸಬಾರದು ಎಂದು ಹೇಳಿ ಕಳಿಸಿದ್ದರು. ಮನೆಗೆ ಬಂದಾಗ ತನು ಅಜ್ಜಾ ಎಂದು ಓಡಿ ಬಂದಳು. ಇವರು ಅಂಗಳದಲ್ಲೇ ನಿಂತು ಎರಡೂ ಕೈ ಮುಂದೆ ಮಾಡಿ ತಡೆದರು. ಬರಬ್ಯಾಡ ಪುಟ್ಟಾ ಎಂದರು. ಅವಳು ಅಳತೊಡಗಿದಳು. ದೂರದಿಂದಲೇ, ಕಿಟಕಿ ಮ್ಯಾಲಿನ ಕರೀ ತುಂಡು ನಿಂದು, ದೊಡ್ಡಾಕಿ ಆದಮ್ಯಾಗ ಅಜ್ಜಿ ಕಡಿಂದ ಇಸ್ಕೋ ಎಂದು ಸಮಾಧಾನ ಮಾಡಿದರು. ಮಳೆ ಹನಿಯುತ್ತಿತ್ತು, ಛತ್ರಿಯಿಲ್ಲದೆ ಅಲ್ಲೇ ನಿಂತಿದ್ದರು.

ಮುಂದಿನ ಮಿರಗದ ಮಳೆಯನ್ನು ಇವರು ನೋಡಲಿಲ್ಲ. ಆ ಕಥೆ ಹೇಳುವ ಶಕ್ತಿ ನನಗಿಲ್ಲ. ಸ್ಕ್ಯಾನುಗಳೆಲ್ಲ ಸೀಡಿಯಲ್ಲಿವೆ, ಅವನ್ನು ತೆರೆಯುವ ಯಂತ್ರ ಮನೆಯಲ್ಲಿಲ್ಲ, ಇದ್ದರೂ ತೆರೆಯಲಾರೆ. ಗಾಜಿನ ಮೇಲಿನ ಎದೆಯನ್ನು ಮಾತ್ರ ಬಿಡಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಹಳಿಯಾಳಕ್ಕೆ ತಂದೆ. ಒಮ್ಮೊಮ್ಮೆ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ಇಡೀ ಲೈನು ಸೇರಿ ಛಲೋ ಐತಿ ಎಂದು ಹೇಳಿದ ಎದೆ ಅದು. ಕಲೆಯಿಲ್ಲದ ನನ್ನ ಗಂಡ ಉಳಿದಿರುವುದು ಅದೊಂದರಲ್ಲೇ.

ನಿಶ್ಚಿತಾರ್ಥ ಮುಗಿಸಿ ಮನೆಗೆ ಬಂದರೆ ಸುಮಾ ಮತ್ತು ತನು ಬಂದು ಕಾಯುತ್ತಿದ್ದರು. ತನು ಈಗ ಶಾಲೆಗೆ ಹೋಗುತ್ತಾಳೆ. ಗ್ರಹಣದ ಪಾಠ ಆಯಿತಂತೆ, ಅಜ್ಜನ ಮಾತು ನೆನಪಿಟ್ಟುಕೊಂಡು ತನ್ನ ತುಂಡು ಕೇಳಿದಳು. ನಾನು ಮಾತು ಮರೆಸಿದೆ, ಚಕ್ಕುಲಿ ಕೊಟ್ಟೆ. ಅವಳು ಬಿಡಲಿಲ್ಲ, ಅಜ್ಜನ ಹಠ. ಕೊನೆಗೆ ಟ್ರಂಕು ತೆಗೆದೆ. ಉಗುರಿನಿಂದ ಟೇಪು ಬಿಡಿಸಿದೆ. ಇದರಲ್ಲಿ ಸೂರ್ಯನನ್ನು ನೋಡಕೂಡದು, ಕಣ್ಣು ಹೋಗುತ್ತವೆ ಎಂದು ಎರಡೆರಡು ಸಲ ಹೇಳಿ ಆಣೆ ಮಾಡಿಸಿಕೊಂಡೇ ಕೈಗೆ ಕೊಟ್ಟೆ.

ಅವಳು ಅದನ್ನು ಬಲ್ಬಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಅಜ್ಜೀ, ಇದರಾಗ ಏನೂ ಇಲ್ಲ. ಬರೇ ಕರ್ರಗ ಐತಿ.”

“ಹೌದವಾ” ಎಂದೆ. “ಅದು ನಿಮ್ಮಜ್ಜನ ಉಸಿರು.”

ಅವಳು ಅದನ್ನು ಪುಸ್ತಕದ ನಡುವೆ ಇಟ್ಟು ಬ್ಯಾಗಿಗೆ ಹಾಕಿಕೊಂಡಳು. ನಾನು ಉಳಿದದ್ದನ್ನು, ತೂತಿನ ಸಮೇತ, ಮತ್ತೆ ಸೀರೆಯಲ್ಲಿ ಸುತ್ತಿಟ್ಟೆ.